ಸಪ್ಪೆ

ಡಾಕ್ಟರ ಹುಡುಗಿ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದಳು:
"ಹೃದಯ ದೊಡ್ಡದಾಗಿದೆ, ಬ್ರೋನ್ಯಾ ಅಮ್ಮಾ."
ಗೊತ್ತಿರುವ ವಿಷಯವೇ, ಅಂದೆ.
ಅವಳು ನಗಲಿಲ್ಲ. ಚೀಟಿಯಲ್ಲಿ ಬರೆದು
ಕೆಳಗೆ ಎರಡು ಗೆರೆ ಎಳೆದಳು:
ಉಪ್ಪು ಬೇಡ.

ಎಲ್ಲಿ ಕೂತು ಹೇಳಿದಳು ನೋಡಿ ಈ ಮಾತನ್ನ!
ವಿಯೆಲಿಚ್ಕಾದಲ್ಲಿ.
ಇಗರ್ಜಿ, ಪೋಸ್ಟಾಫೀಸು, ಅವಳ ಆ ಪುಟ್ಟ ಆಸ್ಪತ್ರೆ
ಎಲ್ಲ ನಿಂತಿರುವುದು ಉಪ್ಪಿನ ಗಣಿಯ ನೆತ್ತಿಯ ಮೇಲೆ.
ಅಪ್ಪ ಪಾಳಿ ಮುಗಿಸಿ ಮೇಲೆ ಬಂದು ಬೂಟು ಬಿಚ್ಚಿದರೆ
ಅವ್ವ ಕಾಲುಚೀಲ ಕೊಡವಿ
ಇವತ್ತಿನ ಸೂಪಿಗೆ ಸಾಕಾಯ್ತು ಅನ್ನುತ್ತಿದ್ದಳು.
ನಾನೋ, ಗಣಿಯ ಕ್ಯಾಂಟೀನಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಮೂರು ಪಾಳಿಗೆ ಎಲೆಕೋಸು ಬೇಯಿಸಿದವಳು.
ಚಮಚ ಕಂಡವಳಲ್ಲ, ಅಂಗೈಯೇ ಅಳತೆ.
ಕಮ್ಮಿ ಆಯಿತು ಅಂದವರು ಒಬ್ಬರೂ ಇಲ್ಲ.
ಜಾಸ್ತಿ ಅಂದ ಒಬ್ಬ, ವಿತೋಲ್ದ್.
ಅವನನ್ನೇ ಮದುವೆಯಾದೆ.

ಈಗ ಬೆಳಿಗ್ಗೆ ಆರಕ್ಕೆ ಎದ್ದು
ಟರ್ಕಿ ಕೋಳಿಯ ತೊಡೆ ಬೇಯಲಿಡುತ್ತೇನೆ, ಚರ್ಮ ಸುಲಿದು;
ಎರಡು ಗಜ್ಜರಿ, ಒಂದು ಹೋಳು ಸಿಹಿಗುಂಬಳ, ಹಿಡಿ ಅಕ್ಕಿ.
ಈರುಳ್ಳಿ ಕೂಡದು. ಬೆಳ್ಳುಳ್ಳಿಯಂತೂ ಹತ್ತಿರ ಸುಳಿಯಕೂಡದು.
ಮೊಟ್ಟೆಯ ಚಿಪ್ಪು ಒಣಗಿಸಿ, ಕಾಫಿ ಬೀಸುವುದರಲ್ಲೇ ಪುಡಿ ಮಾಡಿ ಸೇರಿಸುತ್ತೇನೆ,
ಆಮೇಲಿನ ನನ್ನ ಕಾಫಿಗೆ ಶಾಲೆಯ ಬಳಪದ ವಾಸನೆ.

ಕುದಿ ಬಂತೆಂದರೆ ಬಲಗೈ
ತನ್ನ ಪಾಡಿಗೆ ತಾನು ಜಾಡಿಯ ಕಡೆ ಹೋಗುತ್ತದೆ.
ಹೋಗಿ, ಬರಿದೇ ವಾಪಸಾಗುತ್ತದೆ,
ಸತ್ತವರ ನಂಬರಿಗೆ ಫೋನು ಹಚ್ಚಹೋಗಿ
ಮೂರನೇ ಅಂಕಿಗೆ ನೆನಪಾದ ಹಾಗೆ.

ಇವಳ ಹೆಸರು ಕ್ಲುಸ್ಕಾ.
ನಮ್ಮಲ್ಲಿ ಹಾಗೆಂದರೆ ಹಿಟ್ಟಿನ ಕಡುಬು.
ಮರಿಯಾಗಿದ್ದಾಗ ಹಾಗೇ ಇದ್ದಳು: ಬಿಳಿ, ದುಂಡು,
ಹಿಡಿದರೆ ಕೈಗೆ ಅಂಟುವಂಥವಳು.
ಈಗ ಮೆಟ್ಟಿಲು ಹತ್ತಲಾರಳು, ಕರೆದರೆ ಕೇಳದು,
ಗಜ್ಜರಿ ಹೆಚ್ಚುವ ಸದ್ದು ಮಾತ್ರ
ಮೂರು ಕೋಣೆ ಆಚೆಗೂ ಕೇಳುತ್ತದೆ.
ಬಂದು, ನನ್ನ ಚಪ್ಪಲಿಯ ಮೇಲೆ ಗದ್ದ ಊರಿ,
ಪಾತ್ರೆ ಆರುವ ತನಕ ಕಾಯುತ್ತಾಳೆ,
ಆರುವುದೂ ಅಡುಗೆಯ ಒಂದು ಭಾಗ ಎನ್ನುವ ಹಾಗೆ.

ಎದುರುಮನೆಯ ಗ್ರಾಝಿನಾ ಬೇಲಿಯಾಚೆಯಿಂದ:
"ಅಂಗಡಿಯ ಚೀಲದ ಕಾಳು ಹಾಕಿದರೆ ಏನು ಕಡಿಮೆ?
ಗಂಡನಿಗೂ ನೀನು ಇಷ್ಟು ಮಾಡಲಿಲ್ಲ!"

ಹೌದು. ಮಾಡಲಿಲ್ಲ.
ಮೂರು ಪಾಳಿ ಉಂಡದ್ದನ್ನೇ ಅವನೂ ಉಂಡ,
ಅದೇ ಹಂಡೆ, ಅದೇ ಸೌಟು.
ಅವನಿಗೂ ಬಂದಿತ್ತು ಇಂಥದೇ ಒಂದು ಚೀಟಿ,
ಅಡಿಗೆರೆ ಒಂದೇ ಇತ್ತು ಅಷ್ಟೆ.
ಮಡಚಿ, ಉಪ್ಪಿನ ಜಾಡಿಯ ಕೆಳಗೆ ಇಟ್ಟೆ.
ಡಾಕ್ಟರರು ಹಾಗೇ ಅನ್ನುತ್ತಾರೆ, ಅಂದೆ.
ಅವನು ತಟ್ಟೆ ಮುಂದಕ್ಕೆ ನೂಕಿ ಇನ್ನಷ್ಟು ಬಡಿಸಿಕೊಂಡ.
ಒಬ್ಬನಿಗೆಂದು ಒಂದು ಸಣ್ಣ ಪಾತ್ರೆ
ನಮ್ಮ ಮನೆಯಲ್ಲಿ ಆಗ ಇರಲೇ ಇಲ್ಲ.
ಇದನ್ನು ಕೊಂಡದ್ದು ಹೋದ ಚಳಿಗಾಲದಲ್ಲಿ,
ನೀಲಿ ಹಿಡಿಯದು, ಒಂದೂವರೆ ಲೀಟರು,
ಅಂಗಡಿಯ ಹುಡುಗ ಕೇಳಿದ, "ಮೊಮ್ಮಗುವಿಗಾ?"

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು, ಸರಿ.
ಇವಳು ಎಂಟು ತಿಂಗಳಿಂದ ಒಂದು ಹರಳು ಕಂಡವಳಲ್ಲ.
ಯಾವ ಋಣಕ್ಕೆ ಬಾಗಿಲಿಗೆ ಅಡ್ಡ ಮಲಗುತ್ತಾಳೆ,
ನಾನು ಕೆಮ್ಮಿದರೆ ಯಾಕೆ ಎದ್ದು ಬರುತ್ತಾಳೆ,
ಅವಳನ್ನೇ ಕೇಳಬೇಕು.

ಮಧ್ಯಾಹ್ನ ಅದೇ ಪಾತ್ರೆಯಿಂದ ನಾನೂ ಎರಡು ಸೌಟು ಹಾಕಿಕೊಳ್ಳುತ್ತೇನೆ.
ಮೊದಮೊದಲು ಒದ್ದೆ ಕಾಗದ ಅಗಿದ ಹಾಗಿತ್ತು.
ಈಗ ಗಜ್ಜರಿ ಗಜ್ಜರಿಯ ಹಾಗಿದೆ.
ಅರವತ್ತೆಂಟಕ್ಕೆ ಗೊತ್ತಾಯಿತು ಅದಕ್ಕೊಂದು ಸ್ವಂತ ಸಿಹಿ ಇದೆ ಅಂತ.

ಬಟ್ಟಲು ಗೋಡೆಗೆ ತಾಗುವ ತನಕ ನೆಕ್ಕಿ, ನೂಕಿ,
ಕಡೆಗೆ ನನ್ನ ಹತ್ತಿರ ಬರುತ್ತಾಳೆ.
ಒಲೆ ಮುಂದೆ ನಿಂತು ಬೆವತ ಮಣಿಕಟ್ಟು, ಅಂಗೈ,
ಬೆರಳ ಸಂದಿ, ಒಂದೂ ಬಿಡದೆ ನೆಕ್ಕುತ್ತಾಳೆ ಕಣ್ಣು ಮುಚ್ಚಿ.
ಏನು ಹುಡುಕುತ್ತಾಳೆ ಅಂತ ನನಗೆ ಗೊತ್ತು.

ಡಾಕ್ಟರ ಹುಡುಗಿಗೆ ಇದನ್ನು ಹೇಳಿಲ್ಲ.
ಕೈ ತೊಳೆಯುವುದನ್ನು ಸ್ವಲ್ಪ ತಡ ಮಾಡುತ್ತೇನೆ.